ಆಫ್ರಿಕದ ಬಯಲುಗಳ ಜಮಾ-ಖರ್ಚು

ಕಳೆದ ವರ್ಷ ತರಗತಿಯಲ್ಲಿ ದ್ರವ್ಯ ಮತ್ತು ಶಕ್ತಿಗಳ ನಿತ್ಯತೆಯ ನಿಯಮವನ್ನು ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದುನಿಂತನು. "ಸಾರ್, ದ್ರವ್ಯವೂ ನಾಶವಾಗುವುದಿಲ್ಲ, ಶಕ್ತಿಯೂ ನಾಶವಾಗುವುದಿಲ್ಲ ಎಂದಿರಿ. ಹಾಗಾದರೆ ಕಾಡಿನಲ್ಲಿ ಒಂದು ಜಾತಿಯ ಮೃಗಗಳೆಲ್ಲ ಅಳಿದುಹೋದರೆ ನಷ್ಟವಾದದ್ದಾದರೂ ಏನು? ಅವು ತಿನ್ನುತ್ತಿದ್ದ ಹುಲ್ಲು ಅಲ್ಲಿಯೇ ಉಳಿಯುವುದಲ್ಲವೆ?" ಎಂದು ಕೇಳಿದನು.

ತರಗತಿಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ತಕ್ಕ ಉತ್ತರ ಮಾತ್ರ ಆ ದಿನ ನನ್ನಲ್ಲಿರಲಿಲ್ಲ. ನಾನು ಭೌತವಿಜ್ಞಾನದ ಅಧ್ಯಾಪಕ. ಪ್ರಾಣಿಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಕೇಳಿದವನಿಗೆ ಉತ್ತರ ಕೊಡಬೇಕಾದದ್ದು ಅಧ್ಯಾಪಕನ ಋಣವಷ್ಟೆ. ಆ ಉತ್ತರವನ್ನು ಹುಡುಕುತ್ತ ಹೊರಟಾಗ ಅದು ನನಗೆ ದೊರೆತದ್ದು ಆಫ್ರಿಕ ಖಂಡದ ಹುಲ್ಲುಗಾವಲುಗಳಲ್ಲಿ. ಅದನ್ನು ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಪಟ್ಟೆ ಬಳಿದ ವಿಮಾನ

೧೯೫೮ನೆಯ ಇಸವಿಯ ಆದಿಯಲ್ಲಿ ಪೂರ್ವ ಆಫ್ರಿಕದ ಸೆರೆಂಗೆಟಿ ಬಯಲಿನ ಮೇಲೆ ಒಂದು ಚಿಕ್ಕ ವಿಮಾನವು ಹಾರಾಡುತ್ತಿದ್ದಿತು. ಅದರ ಮೈಗೆಲ್ಲ ಜೀಬ್ರಾದಂತೆ ಕಪ್ಪು-ಬಿಳಿಯ ಪಟ್ಟೆಗಳನ್ನು ಬಳಿದಿದ್ದರು. ಒಳಗೆ ಕುಳಿತಿದ್ದವರು ಫ್ರಾಂಕ್‌ಫರ್ಟ್ ಮೃಗಾಲಯದ ಅಧಿಕಾರಿ ಬರ್ನ್‌ಹಾರ್ಡ್ ಗ್ರ್ಜಿಮೆಕ್ ಮತ್ತು ಅವರ ಮಗ ಮೈಕೇಲ್. ಆ ಬಯಲಿನಲ್ಲಿರುವ ಮೃಗಗಳನ್ನು ಆಕಾಶದಿಂದ ಎಣಿಸುವುದು ಅವರ ಉದ್ದೇಶವಾಗಿತ್ತು. ೧೯೫೧ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿದ್ದ ಆ ಪ್ರದೇಶದ ಎಲ್ಲೆಯನ್ನು ಎಲ್ಲಿ ಹಾಕಬೇಕೆಂಬ ವಾದ ಆಗ ನಡೆದಿದ್ದಿತು. ಮೃಗಗಳೆಷ್ಟು, ಅವು ಯಾವ ಕಾಲದಲ್ಲಿ ಎಲ್ಲಿಗೆ ಹೋಗುವುವು ಎಂಬುದನ್ನು ತಿಳಿಯದೆ ಎಲ್ಲೆ ಹಾಕುವುದೆಂತು? ಎಣಿಕೆಯು ಮುಗಿಯುತ್ತ ಬಂದಿದ್ದಾಗ, ೧೯೫೯ರ ಜನವರಿಯಲ್ಲಿ, ಒಂದು ರಣಹದ್ದು ವಿಮಾನದ ರೆಕ್ಕೆಗೆ ಬಡಿದು ವಿಮಾನವು ಉರುಳಿತು; ಒಬ್ಬನೇ ಹಾರಿಸುತ್ತಿದ್ದ ತರುಣ ಮೈಕೇಲ್ ಮಡಿದನು.

ಅವರ ಲೆಕ್ಕದಲ್ಲಿ ವಿಲ್ಡಬೀಸ್ಟ್ ಎಂಬ ಮೃಗಗಳು ಸುಮಾರು ಒಂದು ಲಕ್ಷದಷ್ಟಿದ್ದುವು. ವಿಲ್ಡಬೀಸ್ಟ್ ಎಂದರೆ ಜಿಂಕೆಗಳ ಬಳಗಕ್ಕೆ ಸೇರಿದ ಪ್ರಾಣಿ. ಆದರೆ ನೋಟಕ್ಕೆ ಎತ್ತಿನ ಕೊಂಬು, ಹೋತದ ಗಡ್ಡ, ಕುದುರೆಯ ಬಾಲಗಳನ್ನು ಎರವಲು ತಂದು ಜೋಡಿಸಿದಂತಿರುವುದು. ೧೯೬೧ರಲ್ಲಿ ಛಾಯಾಚಿತ್ರಗಳ ಸಹಾಯದಿಂದ ಇನ್ನೂ ಎಚ್ಚರಿಕೆಯಾಗಿ ಎಣಿಸಿದಾಗ ಸಂಖ್ಯೆ ಎರಡೂವರೆ ಲಕ್ಷಕ್ಕೆ ಸ್ವಲ್ಪ ಮೇಲಾಯಿತು. ಇಷ್ಟರಲ್ಲಿ ವಿಶೇಷವೇನೂ ಇಲ್ಲ. ವಿಶೇಷವಿರುವುದು ಮುಂದೆ. ೧೯೭೦ರ ದಶಕದ ಕೊನೆಯ ವೇಳೆಗೆ ಅದೇ ಬಯಲಿನಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ವಿಲ್ಡಬೀಸ್ಟ್‌ಗಳಿದ್ದುವು! ಹದಿನೈದು-ಹದಿನಾರು ವರ್ಷಗಳಲ್ಲಿ ಐದು ಪಟ್ಟು ವೃದ್ಧಿ. ಯಾರೂ ಅವಕ್ಕೆ ಮೇವು ಹಾಕಲಿಲ್ಲ. ಹೊರಗಿನಿಂದ ತಂದು ಬಿಡಲೂ ಇಲ್ಲ. ಹಾಗಾದರೆ ಇದು ಹೇಗೆ ಸಾಧ್ಯವಾಯಿತು?

ದೊಡ್ಡರೋಗದ ಕಥೆ

ಇದನ್ನು ತಿಳಿಯಬೇಕಾದರೆ ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ನಮ್ಮ ಹಳ್ಳಿಗಳ ಹಿರಿಯರು 'ದೊಡ್ಡರೋಗ' ಎಂದು ಹೆಸರೆತ್ತಲು ಅಂಜುತ್ತಿದ್ದ ಜಾನುವಾರುಗಳ ಪಿಡುಗೊಂದಿತ್ತು. ಪಶುವೈದ್ಯರು ಅದನ್ನು ರಿಂಡರ್‌ಪೆಸ್ಟ್ ಎನ್ನುವರು. ಮಕ್ಕಳಿಗೆ ಬರುವ ದಡಾರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾದ ಒಂದು ವೈರಸ್ಸೇ ಅದಕ್ಕೆ ಕಾರಣ. ಜ್ವರ, ಬಾಯಿಹುಣ್ಣು, ಭೇದಿ, ಅನಂತರ ಒಂದೆರಡು ವಾರಗಳಲ್ಲಿ ಸಾವು. ಏಷ್ಯ ಖಂಡದಲ್ಲಿ ಬಹುಕಾಲದಿಂದ ನೆಲೆಸಿದ್ದ ಈ ರೋಗವು ೧೮೮೦ರ ದಶಕದ ಕೊನೆಯಲ್ಲಿ ಕೆಂಪು ಸಮುದ್ರದ ದಡದಲ್ಲಿ ಆಫ್ರಿಕದೊಳಕ್ಕೆ ಕಾಲಿಟ್ಟಿತು. ಅಲ್ಲಿ ಬೀಡುಬಿಟ್ಟಿದ್ದ ಇಟಲಿಯ ಸೈನ್ಯಕ್ಕೆಂದು ಹಡಗಿನಲ್ಲಿ ತರಿಸಿದ ದನಗಳೊಡನೆ ಅದು ಬಂದಿತೆಂದೂ ಆ ದನಗಳು ನಮ್ಮ ದೇಶದವೆಂದೂ ಸಾಮಾನ್ಯವಾಗಿ ಹೇಳುವರು.

ಆಫ್ರಿಕದ ಪಶುಗಳಿಗೆ ಈ ರೋಗದ ಪರಿಚಯವೇ ಇರಲಿಲ್ಲ. ಆದುದರಿಂದ ಅದನ್ನು ತಡೆಯುವ ಶಕ್ತಿಯೂ ಇರಲಿಲ್ಲ. ಇಥಿಯೋಪಿಯದಿಂದ ದಕ್ಷಿಣಕ್ಕೆ ಹರಡುತ್ತ ಹೊರಟ ಪಿಡುಗು ೧೮೯೬ರಲ್ಲಿ ಜಾಂಬೆಸಿ ನದಿಯನ್ನು ದಾಟಿ, ಮರುವರ್ಷವೇ ಖಂಡದ ದಕ್ಷಿಣ ತುದಿಯನ್ನು ಸೇರಿತು. ಅದು ಹಾದುಹೋದ ಕಡೆಗಳಲ್ಲಿ ಹತ್ತು ದನಗಳಲ್ಲಿ ಎಂಟು-ಒಂಬತ್ತು ಸತ್ತುವು. ಉಳಲು ಎತ್ತಿಲ್ಲ, ಕುಡಿಯಲು ಹಾಲಿಲ್ಲ; ಇಥಿಯೋಪಿಯದಲ್ಲಿ ಘೋರ ಕ್ಷಾಮವುಂಟಾಯಿತು. ದನಗಳನ್ನೇ ನಂಬಿದ್ದ ಮಸಾಯಿ ಜನರು ದಾರಿಯಲ್ಲಿ ಬಿದ್ದು ಸತ್ತರು. ಕಾಡಿನಲ್ಲಿ ಎಮ್ಮೆಗಳೂ ವಿಲ್ಡಬೀಸ್ಟ್‌ಗಳೂ ಹಿಂಡುಹಿಂಡಾಗಿ ನಾಶವಾದುವು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೂರ್ವ ಆಫ್ರಿಕಕ್ಕೆ ಹೋದ ಐರೋಪ್ಯ ಪ್ರವಾಸಿಗಳು ನಿರ್ಜನವಾದ ಬಯಲುಗಳನ್ನೂ, ಆಳೆತ್ತರದ ಹುಲ್ಲನ್ನೂ, ಮುಳ್ಳುಪೊದೆಗಳನ್ನೂ ಕಂಡು, 'ಇದೇ ಆದಿಕಾಲದಿಂದ ಮನುಷ್ಯನ ಕೈ ಸೋಂಕದ ಪ್ರಕೃತಿ' ಎಂದು ಭಾವಿಸಿದರು. ವಾಸ್ತವವಾಗಿ ಅವರು ಕಂಡದ್ದು ಒಂದು ಮಹಾಮಾರಿಯ ಅನಂತರ ಬರಿದಾಗಿದ್ದ ನಾಡನ್ನು. ಯಾವುದೇ ಪ್ರಯೋಗದಲ್ಲಿ ಮೊದಲ ಅಳತೆಯನ್ನು ತೆಗೆದುಕೊಂಡ ಕ್ಷಣದಲ್ಲಿ ವ್ಯವಸ್ಥೆಯು ಸಮತೋಲದಲ್ಲಿತ್ತೆಂದು ಭಾವಿಸಬಾರದೆಂದು ನಾವು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಆ ಎಚ್ಚರಿಕೆ ಕಾಡಿಗೂ ಸಲ್ಲುವುದು.

ಲಸಿಕೆಯ ಗೆಲವು

ರೋಗವು ಆಮೇಲೂ ಅಲ್ಲಲ್ಲಿ ಹೊಗೆಯಾಡುತ್ತಲೇ ಇದ್ದಿತು. ಸೆರೆಂಗೆಟಿಯಲ್ಲಿ ಅದು ವಿಶೇಷವಾಗಿ ಎಳೆಯ ಕರುಗಳನ್ನು ಬಲಿತೆಗೆದುಕೊಳ್ಳುತ್ತಿತ್ತು. ತಾಯಿಯ ಹಾಲಿನಿಂದ ಬಂದ ರಕ್ಷಣೆಯು ಕೆಲವು ತಿಂಗಳಲ್ಲಿ ಮುಗಿಯುವುದು. ಒಡನೆಯೇ ರೋಗ ಹಿಡಿದು ಕರು ಸಾಯುವುದು. ಹೀಗೆ ಪ್ರತಿವರ್ಷವೂ ಹುಟ್ಟಿದ್ದರಲ್ಲಿ ಬಹುಭಾಗ ದೊಡ್ಡದಾಗುತ್ತಲೇ ಇರಲಿಲ್ಲ.

ಈ ರೋಗದ ವಿರುದ್ಧದ ಹೋರಾಟದಲ್ಲಿ ಭಾರತಕ್ಕೂ ಪಾಲಿದೆ. ಹಿಮಾಲಯದ ಮುಕ್ತೇಶ್ವರದಲ್ಲಿರುವ ಸಂಶೋಧನಾಲಯದಲ್ಲಿ ೧೯೨೦ರ ದಶಕದಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬವರು ವೈರಸ್ಸನ್ನು ಆಡುಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಉಗ್ರತೆಯನ್ನು ತಗ್ಗಿಸಿ ಲಸಿಕೆಯನ್ನು ಮಾಡಿದರು. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೨೫ರಲ್ಲಿ ಸ್ಥಾಪಿತವಾದ ಮೈಸೂರು ಸೀರಂ ಸಂಸ್ಥೆಯೂ ದೊಡ್ಡರೋಗವನ್ನು ತಡೆಯಲೆಂದೇ ಹುಟ್ಟಿದ್ದು. ಅನಂತರ ಕೀನ್ಯದಲ್ಲಿ ವಾಲ್ಟರ್ ಪ್ಲೌರೈಟ್ ಮತ್ತು ಅವರ ಸಂಗಡಿಗರು ಜೀವಕೋಶಗಳಲ್ಲಿ ಬೆಳೆಸಿದ, ಇನ್ನೂ ಸುರಕ್ಷಿತವೂ ಅಗ್ಗವೂ ಆದ ಲಸಿಕೆಯನ್ನು ಸಿದ್ಧಪಡಿಸಿದರು.

೧೯೫೦ರ ದಶಕದಿಂದ ಸೆರೆಂಗೆಟಿಯ ಸುತ್ತಲಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಲಾಯಿತು. ಕಾಡುಮೃಗಗಳಿಗೆ ಯಾರೂ ಲಸಿಕೆ ಹಾಕಲಿಲ್ಲ. ಹಾಕುವುದು ಸಾಧ್ಯವೂ ಇರಲಿಲ್ಲ. ಕಾಡುಮೃಗಗಳೇ ರೋಗದ ಉಗ್ರಾಣವೆಂದೂ ಅವುಗಳಿಂದಲೇ ದನಗಳಿಗೆ ರೋಗ ಬರುವುದೆಂದೂ ಜನರು ಬಹುಕಾಲ ನಂಬಿದ್ದರು. ಆ ಕಾರಣಕ್ಕೆ ಮೃಗಗಳನ್ನು ಗುಂಡಿಕ್ಕಿ ಕೊಂದದ್ದೂ ಉಂಟು. ಆದರೆ ದನಗಳಿಗೆ ಲಸಿಕೆ ಬಿದ್ದ ಕೆಲವೇ ವರ್ಷಗಳಲ್ಲಿ, ೧೯೬೩ರ ಸುಮಾರಿಗೆ, ವಿಲ್ಡಬೀಸ್ಟ್‌ಗಳಲ್ಲಿಯೂ ರೋಗವು ತಾನಾಗಿ ಮಾಯವಾಯಿತು. ಅಪರಾಧಿಯೆಂದು ಭಾವಿಸಿದ್ದ ಕಾಡೇ ನಿಜವಾಗಿ ರೋಗಿಯಾಗಿತ್ತು!

ರೋಗದ ಕೊನೆಯ ಪ್ರಕರಣ ಕೀನ್ಯದಲ್ಲಿ ೨೦೦೧ರಲ್ಲಿ ಕಂಡುಬಂದಿತು. ೨೦೧೧ರಲ್ಲಿ ರಿಂಡರ್‌ಪೆಸ್ಟ್ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬನ್ನು ಬಿಟ್ಟರೆ ಮನುಷ್ಯನು ಹೀಗೆ ಪೂರ್ತಿಯಾಗಿ ಗೆದ್ದ ರೋಗ ಇದೊಂದೇ. ೧೯೬೮ರಲ್ಲಿ ನಮ್ಮ ಬಂಡೀಪುರದ ಕಾಟಿಗಳ ಹಿಂಡುಗಳನ್ನು ಇದೇ ರೋಗವು ಸವರಿಹಾಕಿದ್ದುದನ್ನು ನೆನೆದರೆ ಈ ಗೆಲವಿನ ಬೆಲೆ ನಮಗೆ ಅರಿವಾಗುವುದು.

ಹುಲ್ಲು ಎಲ್ಲಿಗೆ ಹೋಗುವುದು?

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ತಿನ್ನುವ ಮೃಗವಿಲ್ಲದಿದ್ದರೆ ಹುಲ್ಲು ಉಳಿಯುವುದಲ್ಲವೆ?

ಇಲ್ಲ, ಉಳಿಯುವುದಿಲ್ಲ, ಉರಿದುಹೋಗುವುದು.

ವಿಲ್ಡಬೀಸ್ಟ್‌ಗಳು ಕಡಿಮೆಯಿದ್ದ ಕಾಲದಲ್ಲಿ ಸೆರೆಂಗೆಟಿಯ ಹುಲ್ಲು ಎತ್ತರವಾಗಿ ಬೆಳೆದು ಬೇಸಗೆಯಲ್ಲಿ ಒಣಗಿ ನಿಲ್ಲುತ್ತಿತ್ತು. ಒಂದು ಕಿಡಿ ಬಿದ್ದರೆ ಸಾಕು, ಬೆಂಕಿಯು ಮೈಲಿಗಟ್ಟಲೆ ಹರಡುವುದು. ೧೯೬೦ರ ಸುಮಾರಿನಲ್ಲಿ ಪ್ರತಿವರ್ಷವೂ ಆ ಬಯಲಿನ ಬಹುಭಾಗವನ್ನು ಬೆಂಕಿ ಆವರಿಸುತ್ತಿತ್ತು. ಬೆಂಕಿಯಲ್ಲಿ ಎಳೆಯ ಮರಗಳು ಸುಟ್ಟುಹೋಗುವುವು. ಹುಲ್ಲಿನಲ್ಲಿದ್ದ ಇಂಗಾಲವು ಆಮ್ಲಜನಕದೊಡನೆ ಕೂಡಿ ವಾಯುಮಂಡಲವನ್ನು ಸೇರುವುದು. ದ್ರವ್ಯ ನಾಶವಾಗಲಿಲ್ಲ, ನಿಜ. ಆದರೆ ನೆಲದಲ್ಲಿದ್ದ ಆಸ್ತಿ ಗಾಳಿಯ ಪಾಲಾಯಿತು.

ಹಿಂಡುಗಳು ಹೆಚ್ಚಿದ ಮೇಲೆ ಲಕ್ಷಾಂತರ ಬಾಯಿಗಳು ಹುಲ್ಲನ್ನು ಮೇದು ಗಿಡ್ಡ ಮಾಡಿದುವು. ಉರಿಯಲು ಸೌದೆಯೇ ಇಲ್ಲದೆ ಕಾಡುಬೆಂಕಿಗಳು ಬಹಳ ಮಟ್ಟಿಗೆ ಇಳಿದುವು. ಮೇದ ಹುಲ್ಲು ಸಗಣಿಯಾಗಿ ಬಿದ್ದಿತು. ಸಗಣಿಹುಳುಗಳು ಅದನ್ನು ಉಂಡೆಕಟ್ಟಿ ನೆಲದೊಳಕ್ಕೆ ಹೂತುವು. ಬೆಂಕಿಯ ಕಾಟ ತಪ್ಪಿದ ಎಳೆಯ ಮರಗಳು ತಲೆಯೆತ್ತಿದುವು. ಆ ಚಿಗುರು ಸಿಕ್ಕಿ ಜಿರಾಫೆಗಳೂ ಹೆಚ್ಚಿದುವು. ಈ ಎಲ್ಲ ಲೆಕ್ಕವನ್ನು ಕೂಡಿಸಿ ಕಳೆದು ನೋಡಿದ ವಿಜ್ಞಾನಿಗಳು ೨೦೦೯ರಲ್ಲಿ ಒಂದು ನಿರ್ಣಯವನ್ನು ಪ್ರಕಟಿಸಿದರು. ಅದರಂತೆ, ಹಿಂದೆ ವಾಯುಮಂಡಲಕ್ಕೆ ಇಂಗಾಲವನ್ನು ಬಿಡುತ್ತಿದ್ದ ಸೆರೆಂಗೆಟಿಯು ಈಗ ಅದನ್ನು ಹೀರಿ ಹಿಡಿದಿಡುವ ನೆಲೆಯಾಗಿ ಮಾರ್ಪಟ್ಟಿದೆ. ದನಕ್ಕೆ ಹಾಕಿದ ಒಂದು ಲಸಿಕೆಯು ಮರವನ್ನು ಬೆಳೆಸಿತು, ಗಾಳಿಯನ್ನು ಶುದ್ಧಿ ಮಾಡಿತು ಎಂದರೆ ನಂಬುವಿರಾ? ಕಾರ್ಯಕಾರಣಗಳ ಸರಪಳಿಯಲ್ಲಿ ಒಂದೊಂದು ಕೊಂಡಿಯನ್ನೂ ಹಿಡಿದು ನೋಡಿದರೆ ನಂಬದೆ ವಿಧಿಯಿಲ್ಲ.

ನದಿಯ ಜಮಾಖರ್ಚೂ ಇದರಲ್ಲಿ ಸೇರಿದೆ. ಮಳೆಯನ್ನು ಹಿಂಬಾಲಿಸಿ ಪ್ರತಿವರ್ಷವೂ ನೂರಾರು ಕಿಲೋಮೀಟರು ಸುತ್ತುವ ಹಿಂಡುಗಳು ಮಾರಾ ನದಿಯನ್ನು ದಾಟುವಾಗ ವರ್ಷಕ್ಕೆ ಸರಾಸರಿ ಆರು ಸಾವಿರಕ್ಕಿಂತ ಹೆಚ್ಚು ಮೃಗಗಳು ಮುಳುಗಿ ಸಾಯುವುವು. ನಮಗೆ ಅದು ದಾರುಣವೆನಿಸುವುದು. ಆದರೆ ಅವುಗಳ ಮಾಂಸದಿಂದ ಮೊಸಳೆ, ರಣಹದ್ದು, ಮೀನುಗಳು ಬದುಕುವುವು; ಎಲುಬುಗಳು ವರ್ಷಾನುಗಟ್ಟಲೆ ನಿಧಾನವಾಗಿ ರಂಜಕವನ್ನು ನೀರಿಗೆ ಬಿಡುತ್ತಿರುವುವು.

ದಂತದೊಳಗಿನ ಗಡಿಯಾರ

ವಿಲ್ಡಬೀಸ್ಟ್‌ನ ಕಥೆಯೊಂದನ್ನೇ ಹೇಳಿ ನಿಲ್ಲಿಸಿದರೆ ಸತ್ಯದ ಅರ್ಧವನ್ನು ಮುಚ್ಚಿಟ್ಟಂತಾಗುವುದು. ಅದೇ ಖಂಡದಲ್ಲಿ ಆನೆಯ ಗತಿ ಬೇರೆಯಾಯಿತು.

೧೯೭೯ರಲ್ಲಿ ಇಯಾನ್ ಡಗ್ಲಸ್-ಹ್ಯಾಮಿಲ್ಟನ್ ಎಂಬ ವಿಜ್ಞಾನಿ ಆಫ್ರಿಕದಲ್ಲಿ ಸುಮಾರು ೧೩ ಲಕ್ಷ ಆನೆಗಳಿವೆಯೆಂದು ಅಂದಾಜು ಮಾಡಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಉಳಿದದ್ದು ಸುಮಾರು ಆರು ಲಕ್ಷ. ಉಳಿದವುಗಳ ದಂತವು ಬಳೆಯಾಗಿ, ಮುದ್ರೆಯಾಗಿ, ಪಿಯಾನೋ ವಾದ್ಯದ ಮೆಟ್ಟಿಲಾಗಿ ದೇಶದೇಶಗಳಿಗೆ ಹೋಗಿತ್ತು. ೧೯೮೯ರಲ್ಲಿ ರಾಷ್ಟ್ರಗಳು ಸೇರಿ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದುವು. ಕೆಲಕಾಲ ಕೊಲೆ ತಗ್ಗಿತು. ಆಮೇಲೆ ಮತ್ತೆ ಏರಿತು. ೨೦೧೬ರಲ್ಲಿ ಪ್ರಕಟವಾದ ವಿಮಾನಗಣತಿಯಲ್ಲಿ ೧೮ ದೇಶಗಳ ಬಯಲುಗಳಲ್ಲಿ ೩,೫೨,೨೭೧ ಆನೆಗಳು ಲೆಕ್ಕಕ್ಕೆ ಸಿಕ್ಕಿದುವು. ೨೦೦೭ರಿಂದ ೨೦೧೪ರೊಳಗೆ ಬಯಲಾನೆಗಳ ಸಂಖ್ಯೆ ನೂರಕ್ಕೆ ಮೂವತ್ತರಷ್ಟು ಇಳಿದಿತ್ತೆಂದು ಅದರಿಂದ ತಿಳಿದುಬಂದಿತು.

ಇಲ್ಲಿ ಭೌತವಿಜ್ಞಾನವು ಸಾಕ್ಷಿ ಹೇಳಲು ಬಂದುದು ನನಗೆ ವಿಶೇಷ ಸಂತೋಷದ ಸಂಗತಿ. ಸಿಕ್ಕಿಬಿದ್ದ ದಂತವನ್ನು ಕುರಿತು 'ಇದು ನಿಷೇಧಕ್ಕಿಂತ ಹಿಂದಿನದು, ಹಳೆಯ ದಾಸ್ತಾನು' ಎಂದು ವ್ಯಾಪಾರಿಗಳು ಹೇಳುವುದುಂಟು. ಆನೆಯು ಎಂದು ಸತ್ತಿತೆಂದು ದಂತವನ್ನೇ ಕೇಳಬಹುದೆ? ವಾಯುಮಂಡಲದಲ್ಲಿ ವಿಕಿರಣಶೀಲವಾದ ಇಂಗಾಲ-೧೪ ಅತ್ಯಲ್ಪ ಪ್ರಮಾಣದಲ್ಲಿರುವುದು. ಅದರ ಅರ್ಧಾಯು ೫,೭೩೦ ವರ್ಷ. ಹತ್ತು ವರ್ಷಗಳಲ್ಲಿ ಅದು ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ಕ್ಷಯಿಸುವುದರಿಂದ, ಇಷ್ಟು ಚಿಕ್ಕ ಅವಧಿಗಳನ್ನು ಅಳೆಯಲು ಆ ಕ್ಷಯವನ್ನು ನಂಬಿಕೊಳ್ಳುವಂತಿಲ್ಲ. ಆದರೆ ೧೯೫೦ ಮತ್ತು ೬೦ರ ದಶಕಗಳಲ್ಲಿ ಬಯಲಿನಲ್ಲಿ ಸಿಡಿಸಿದ ಪರಮಾಣು ಬಾಂಬುಗಳ ನ್ಯೂಟ್ರಾನುಗಳು ಗಾಳಿಯ ಸಾರಜನಕವನ್ನು ತಾಕಿ ಇಂಗಾಲ-೧೪ರ ಪ್ರಮಾಣವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದುವು. ೧೯೬೩ರ ಒಪ್ಪಂದದಿಂದ ಅಂತಹ ಪರೀಕ್ಷೆಗಳು ಬಹುಮಟ್ಟಿಗೆ ನಿಂತ ಮೇಲೆ ಸಮುದ್ರವೂ ಸಸ್ಯಗಳೂ ಹೀರಿಕೊಂಡಂತೆಲ್ಲ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದೆ. ಯಾವ ವರ್ಷ ಎಷ್ಟಿತ್ತೆಂಬ ರೇಖೆ ವಿಜ್ಞಾನಿಗಳ ಬಳಿಯಿದೆ. ಆನೆ ತಿಂದ ಸೊಪ್ಪಿನಲ್ಲಿ ಆಯಾ ವರ್ಷದ ಪ್ರಮಾಣವಿರುವುದು. ದಂತದ ಬುಡದಲ್ಲಿ ಕೊನೆಗೆ ಬೆಳೆದ ಪದರದಲ್ಲಿ ಅದು ದಾಖಲಾಗಿರುವುದು. ಆ ಪದರವನ್ನು ಅಳೆದರೆ ಸತ್ತ ವರ್ಷವು ದೊರೆಯುವುದು. ಹೀಗೆ ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ವಶಪಡಿಸಿಕೊಂಡ ದಂತಗಳಲ್ಲಿ ಬಹುತೇಕ ಎಲ್ಲವೂ ಹಿಂದಿನ ಮೂರು ವರ್ಷಗಳೊಳಗೆ ಕೊಂದ ಆನೆಗಳವು! ಮನುಷ್ಯನನ್ನು ಕೊಲ್ಲಲೆಂದು ಮಾಡಿದ ಬಾಂಬಿನ ಬೂದಿಯೇ ಆನೆಯ ಪರವಾಗಿ ಸಾಕ್ಷಿ ನುಡಿದುದು ವಿಧಿವಿಲಾಸವಲ್ಲವೆ? ದಂತದ ಅತಿದೊಡ್ಡ ಮಾರುಕಟ್ಟೆಯಾಗಿದ್ದ ಚೀನವು ೨೦೧೭ರ ಕೊನೆಗೆ ತನ್ನ ದೇಶದೊಳಗಿನ ಶಾಸನಬದ್ಧ ವ್ಯಾಪಾರವನ್ನು ಮುಚ್ಚಿತು.

ಬೇಟೆಯು ಆನೆಯ ಸಂಖ್ಯೆಯನ್ನಷ್ಟೇ ಅಲ್ಲ, ರೂಪವನ್ನೂ ಬದಲಿಸಿತು. ಮೊಜಾಂಬಿಕದ ಗೊರೊಂಗೋಸಾ ಉದ್ಯಾನದಲ್ಲಿ ೧೯೭೭ರಿಂದ ೧೯೯೨ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಹತ್ತರಲ್ಲಿ ಒಂಬತ್ತು ಆನೆಗಳು ಸತ್ತುವು. ಯುದ್ಧಕ್ಕೆ ಮೊದಲು ಹೆಣ್ಣಾನೆಗಳಲ್ಲಿ ದಂತವಿಲ್ಲದೆ ಹುಟ್ಟಿದವು ಐದರಲ್ಲಿ ಒಂದಕ್ಕಿಂತ ಕಡಿಮೆ. ಯುದ್ಧ ಮುಗಿದಾಗ ಬದುಕಿ ಉಳಿದಿದ್ದವುಗಳಲ್ಲಿ ಅರ್ಧದಷ್ಟು ದಂತಹೀನವಾಗಿದ್ದುವು. ದಂತವುಳ್ಳವನ್ನು ಕೋವಿಯು ಆರಿಸಿ ತೆಗೆದಿತ್ತು. ಡಾರ್ವಿನ್ನನು ಹೇಳಿದ ಆಯ್ಕೆಯನ್ನು ಇಲ್ಲಿ ನಡೆಸಿದುದು ಪ್ರಕೃತಿಯಲ್ಲ, ಲೋಭ.

ಬೇಲಿ ಮತ್ತು ದಾರಿ

ಇಂದು ಆ ಬಯಲುಗಳಿಗೆ ಒದಗಿರುವ ಅಪಾಯ ಹೆಚ್ಚು ಮೌನವಾದುದು. ೧೯೬೦ರಲ್ಲಿ ಆಫ್ರಿಕದ ಜನಸಂಖ್ಯೆ ಸುಮಾರು ೨೮ ಕೋಟಿ; ಈಗ ಸುಮಾರು ೧೫೦ ಕೋಟಿ. ಅವರಿಗೂ ಹೊಲ ಬೇಕು, ಮನೆ ಬೇಕು, ರಸ್ತೆ ಬೇಕು. ವಲಸೆಹೋಗುವ ಮೃಗಕ್ಕೆ ಬೇಕಾದದ್ದು ತಡೆಯಿಲ್ಲದ ದಾರಿ. ಇವೆರಡೂ ಒಂದೇ ನೆಲದಲ್ಲಿ ಅಡ್ಡಹಾಯುವುವು.

ಬೋಟ್ಸ್ವಾನದಲ್ಲಿ ೧೯೫೦ರ ದಶಕದಿಂದ ದನಗಳ ಕಾಲುಬಾಯಿ ರೋಗವನ್ನು ತಡೆಯಲೆಂದು ನೂರಾರು ಕಿಲೋಮೀಟರು ತಂತಿಬೇಲಿಗಳನ್ನು ಹಾಕಿದರು. ೧೯೮೦ರ ದಶಕದ ಬರಗಾಲದಲ್ಲಿ ನೀರನ್ನು ಹುಡುಕಿ ಹೊರಟ ವಿಲ್ಡಬೀಸ್ಟ್‌ಗಳು ಬೇಲಿಗೆ ತಡೆದು ನಿಂತು ಸಾವಿರಾರು ಸಂಖ್ಯೆಯಲ್ಲಿ ಬಾಯಾರಿ ಸತ್ತುವು. ಕೀನ್ಯದ ಲೋಯಿಟಾ ಬಯಲಿನಿಂದ ಮಾರಾ ಪ್ರದೇಶಕ್ಕೆ ವಲಸೆಹೋಗುತ್ತಿದ್ದ ಹಿಂಡುಗಳು ೧೯೭೦ರ ದಶಕದಿಂದೀಚೆಗೆ ಮುಕ್ಕಾಲು ಪಾಲಿಗೂ ಹೆಚ್ಚು ಕರಗಿಹೋಗಿವೆ. ಅಲ್ಲಿ ಗೋದಿಯ ಹೊಲಗಳೂ ಬೇಲಿಗಳೂ ಬಂದಿವೆ. ಸೆರೆಂಗೆಟಿಯ ಉತ್ತರಭಾಗವನ್ನು ಸೀಳಿ ಹೆದ್ದಾರಿ ಮಾಡಬೇಕೆಂದು ೨೦೧೦ರಲ್ಲಿ ಯೋಜನೆಯಾಗಿತ್ತು. ೨೦೧೪ರಲ್ಲಿ ಪೂರ್ವ ಆಫ್ರಿಕದ ನ್ಯಾಯಾಲಯವು ಅದಕ್ಕೆ ತಡೆಹಾಕಿತು.

ಆದರೆ ಮೃಗಗಳಿಗಾಗಿ ಮನುಷ್ಯರು ತೆತ್ತ ಬೆಲೆಯನ್ನೂ ಮರೆಯಬಾರದು. ಸೆರೆಂಗೆಟಿ ಉದ್ಯಾನಕ್ಕಾಗಿ ೧೯೫೯ರಲ್ಲಿ ಮಸಾಯಿ ಜನರು ತಮ್ಮ ಹಳೆಯ ಹುಲ್ಲುಗಾವಲನ್ನು ಬಿಟ್ಟು ಗೊರೊಂಗೊರೊ ಕಡೆಗೆ ಹೋಗಬೇಕಾಯಿತು. ಕಾಡನ್ನು ಕಾಯುವ ಹೊರೆ ಬಡವನ ಮೇಲೆ, ನೋಡಿ ಆನಂದಿಸುವ ಭಾಗ್ಯ ದೂರದವನಿಗೆ ಎಂದಾದರೆ ಆ ಏರ್ಪಾಡು ಬಹುಕಾಲ ನಿಲ್ಲಲಾರದು. ನಮೀಬಿಯವು ೧೯೯೬ರ ಶಾಸನದಿಂದ ಹಳ್ಳಿಗರ ಸಂಘಗಳಿಗೇ ವನ್ಯಮೃಗಗಳ ಮೇಲಿನ ಅಧಿಕಾರವನ್ನೂ ಆದಾಯವನ್ನೂ ಕೊಟ್ಟುದು ಈ ದೃಷ್ಟಿಯಿಂದ ಗಮನಾರ್ಹ.

ನಿರಾಶೆಗೆ ಕಾರಣವಿಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಬಿಳಿ ಖಡ್ಗಮೃಗಗಳು ನೂರಕ್ಕಿಂತ ಕಡಿಮೆ ಉಳಿದಿದ್ದುವು. ಕಾಪಾಡಿದ್ದರಿಂದ, ಮತ್ತು ೧೯೬೦ರ ದಶಕದಲ್ಲಿ ಇಯಾನ್ ಪ್ಲೇಯರ್ ಮೊದಲಾದವರು ಅವನ್ನು ಹಿಡಿದು ಬೇರೆಬೇರೆ ಕಡೆಗಳಲ್ಲಿ ನೆಲೆಗೊಳಿಸಿದ್ದರಿಂದ, ಇಂದು ಕೊಂಬಿನ ಕಳ್ಳರ ಹಾವಳಿಯ ನಡುವೆಯೂ ಅವು ಹದಿನೈದು ಸಾವಿರಕ್ಕೂ ಹೆಚ್ಚಿವೆ. ಆದರೆ ಅವುಗಳ ಉತ್ತರದ ಬಂಧುಗಳಲ್ಲಿ ಕೊನೆಯ ಗಂಡು ೨೦೧೮ರ ಮಾರ್ಚಿಯಲ್ಲಿ ಕೀನ್ಯದಲ್ಲಿ ಸತ್ತಿತು. ಅದು ಬಿಟ್ಟುಹೋದದ್ದು ಎರಡು ಹೆಣ್ಣುಗಳನ್ನು, ಒಂದು ಮಗಳು, ಇನ್ನೊಂದು ಮೊಮ್ಮಗಳು. ಒಂದೇ ಪ್ರಾಣಿಯ ಎರಡು ಕವಲು; ಒಂದಕ್ಕೆ ಸಕಾಲದಲ್ಲಿ ಕಾವಲು ದೊರೆಯಿತು, ಇನ್ನೊಂದಕ್ಕೆ ದೊರೆಯಲಿಲ್ಲ.

ನನ್ನ ವಿದ್ಯಾರ್ಥಿಗೆ ಈಗ ಉತ್ತರ ಕೊಡಬಲ್ಲೆ. ದ್ರವ್ಯವು ನಾಶವಾಗುವುದಿಲ್ಲವೆಂಬುದು ನಿಜ. ನಾಶವಾಗುವುದು ದ್ರವ್ಯವು ಹರಿಯುವ ದಾರಿ. ಹುಲ್ಲಿನಿಂದ ಕರುವಿಗೆ, ಕರುವಿನಿಂದ ಸಗಣಿಗೆ, ಸಗಣಿಯಿಂದ ಮಣ್ಣಿಗೆ, ಮಣ್ಣಿನಿಂದ ಮರಕ್ಕೆ ಹೋಗುವ ಆ ದಾರಿಯನ್ನು ಕಟ್ಟಲು ಪ್ರಕೃತಿಗೆ ಲಕ್ಷಾಂತರ ವರ್ಷ ಬೇಕಾಯಿತು. ಮುಚ್ಚಲು ಹಡಗಿನಿಂದಿಳಿದ ನಾಲ್ಕು ದನಗಳು ಸಾಕಾದುವು. ಆದರೆ ಮುಚ್ಚಿದ ದಾರಿಯನ್ನು ಮತ್ತೆ ತೆರೆಯಲು ಮನುಷ್ಯನ ಬುದ್ಧಿಯೂ ತಾಳ್ಮೆಯೂ ಸಮರ್ಥವೆಂಬುದನ್ನು ಅದೇ ಸೆರೆಂಗೆಟಿ ತೋರಿಸಿಕೊಟ್ಟಿದೆ. ಹಾಗೆ ತೆರೆಯುವವರಿಗೆ ಮೊದಲು ಬೇಕಾದದ್ದು ಸರಿಯಾಗಿ ಎಣಿಸುವ ಕಣ್ಣು. ಆಮೇಲೆ, ಎಣಿಕೆ ಹೇಳಿದ್ದನ್ನು ಕೇಳುವ ಕಿವಿ.